ಎರಡು ಮೈಕ್ರೋಲೀಟರ್ ರಕ್ತ, ಒಂದು ಬಂಗಾರದ ಚಿಪ್: ಟೈಪ್ 1 ಸಕ್ಕರೆ ಕಾಯಿಲೆ ಪತ್ತೆಯ ಪ್ರಕರಣ

ಸಕ್ಕರೆ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರು ಅಂದುಕೊಂಡು ಕೊಲ್ಲುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತು ಕೇಳುವುದಿಲ್ಲ. ಹಿಂದೆ ವೈದ್ಯರಿಗೆ ನೋಡಿದ ತಕ್ಷಣ ಒಂದು ಅಂದಾಜು ಸಿಗುತ್ತಿತ್ತು: ಸಣಕಲು ಮಗು ಬಂದರೆ ಟೈಪ್ 1, ಹೊಟ್ಟೆ ಬಂದ ಐವತ್ತರ ಮನುಷ್ಯ ಬಂದರೆ ಟೈಪ್ 2. ಅಮೆರಿಕದಲ್ಲಿ ಈ ಅಂದಾಜು ಕೆಟ್ಟು ಬಹಳ ಕಾಲವಾಯಿತು. ಮಕ್ಕಳಲ್ಲಿ ಬೊಜ್ಜು ಹೆಚ್ಚಿತು, ಟೈಪ್ 1 ಕೂಡ ಹೆಚ್ಚಿತು, ಹಾಗಾಗಿ ತೂಕ ಜಾಸ್ತಿ ಇರುವ ಹದಿಮೂರರ ಹುಡುಗ ರಕ್ತದಲ್ಲಿ ಸಿಕ್ಕಾಪಟ್ಟೆ ಸಕ್ಕರೆ ಇಟ್ಟುಕೊಂಡು ಆಸ್ಪತ್ರೆಗೆ ಬಂದರೆ ಅವನದು ಯಾವುದು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ.

ತಪ್ಪಾಗಿ ಹೇಳಿದರೆ? ಟೈಪ್ 1ರ ಮಗುವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಕೀಟೋಅಸಿಡೋಸಿಸ್ ಆಗಿ, ಅಂದರೆ ಇನ್ಸುಲಿನ್ ಇಲ್ಲದೆ ರಕ್ತ ಆಮ್ಲೀಯವಾಗಿ, ಜೀವಕ್ಕೇ ಕುತ್ತು. ಟೈಪ್ 2ರ ಮಗುವಿಗೆ ಟೈಪ್ 1 ಅಂತ ಹಣೆಪಟ್ಟಿ ಕಟ್ಟಿದರೆ, ಬೇಡದಿದ್ದರೂ ವರ್ಷಗಟ್ಟಲೆ ಸೂಜಿ.

ಎರಡನ್ನೂ ಬೇರೆ ಮಾಡಿ ಹೇಳುವ ಗುರುತು ರಕ್ತದಲ್ಲೇ ಇದೆ. ಟೈಪ್ 1 ಇರುವವರ ರಕ್ತದಲ್ಲಿ ಸಾಮಾನ್ಯವಾಗಿ ಸ್ವಂತ ದೇಹದ ಪ್ರೋಟೀನ್‌ಗಳ ಮೇಲೇ ಹುಟ್ಟಿದ ಆಂಟಿಬಾಡಿಗಳು ಇರುತ್ತವೆ. ಇನ್ಸುಲಿನ್ ಮೇಲೆ, ಗ್ಯಾಡ್-65 ಅನ್ನುವ ಕಿಣ್ವದ ಮೇಲೆ, ಐಎ-2 ಮೇಲೆ, ಝಿಂಕ್ ಸಾಗಿಸುವ ಝಡ್‌ಎನ್‌ಟಿ-8 ಮೇಲೆ. ಇವುಗಳಿಗೆ ಆಟೋಆಂಟಿಬಾಡಿ ಅಂತ ಹೆಸರು. ಹುಡುಕಿದರೆ ಸಿಗುತ್ತವೆ. ಆದರೆ ತೀರಾ ಕಡಿಮೆ ಪ್ರಮಾಣದಲ್ಲಿ.

ಹಳೆಯ ಪರೀಕ್ಷೆ ಯಾಕೆ ಕಷ್ಟ

ಇವನ್ನು ಹಿಡಿಯಲು ದಶಕಗಳ ಕಾಲ ಬಳಸಿದ್ದು ರೇಡಿಯೋಇಮ್ಯುನೋಅಸ್ಸೇ. ಇದು ಹುಟ್ಟಿದ್ದೇ ಇನ್ಸುಲಿನ್ ಕೆಲಸದಿಂದ. ನ್ಯೂಯಾರ್ಕಿನ ಬ್ರಾಂಕ್ಸ್ ವೆಟರನ್ಸ್ ಆಸ್ಪತ್ರೆಯಲ್ಲಿ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ 1950ರ ದಶಕದಲ್ಲಿ ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್ ಬಳಸಿ ನೋಡಿದಾಗ, ಪ್ರಾಣಿಗಳ ಇನ್ಸುಲಿನ್ ಚುಚ್ಚಿಸಿಕೊಳ್ಳುವವರ ರಕ್ತದಲ್ಲಿ ಅದರ ವಿರುದ್ಧ ಆಂಟಿಬಾಡಿ ಇರುವುದು ಕಂಡಿತು. ಅಷ್ಟು ಚಿಕ್ಕ ಪ್ರೋಟೀನ್ ಮೇಲೆ ಆಂಟಿಬಾಡಿ ಹುಟ್ಟುತ್ತದೆ ಅಂದರೆ ಆಗ ಯಾರೂ ನಂಬಲಿಲ್ಲ, ಲೇಖನವನ್ನು ಪತ್ರಿಕೆಯೊಂದು ವಾಪಸ್ಸೂ ಕಳಿಸಿತ್ತು. ಅದೇ ಕೆಲಸ ಮುಂದೆ ರೇಡಿಯೋಇಮ್ಯುನೋಅಸ್ಸೇ ಆಯಿತು, 1977ರಲ್ಲಿ ಯಾಲೊಗೆ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು.

ವಿಧಾನ ಸೊಗಸಾದದ್ದೇ, ಆದರೆ ನಡೆಸುವ ಪಾಡು ನೋಡಿ. ವಿಕಿರಣಶೀಲ ವಸ್ತು ಇಟ್ಟುಕೊಳ್ಳಲು ಪರವಾನಗಿ ಬೇಕು, ನುರಿತ ಕೈ ಬೇಕು, ಕಸ ಬಿಸಾಡಲೂ ನಿಯಮ ಇದೆ. ಅಯೋಡಿನ್-125 ಎರಡು ತಿಂಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ತಂದಿಟ್ಟುಕೊಂಡು ನಿಧಾನಕ್ಕೆ ಬಳಸೋಣ ಅನ್ನುವ ಹಾಗೂ ಇಲ್ಲ. ಅಮೆರಿಕದಲ್ಲೇ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಿತ್ತು, ನೂರಾರು ಡಾಲರ್ ಖರ್ಚು.

ಹಾಗಾದರೆ ಎಲ್ಲ ಲ್ಯಾಬಿನಲ್ಲೂ ಇರುವ ಇಲೈಸಾ ತಟ್ಟೆಯಲ್ಲೇ, ಅಂದರೆ ಪ್ಲಾಸ್ಟಿಕ್‌ಗೆ ಪ್ರೋಟೀನ್ ಅಂಟಿಸಿ ಅದಕ್ಕೆ ಆಂಟಿಬಾಡಿ ಅಂಟಿತೋ ಎಂದು ನೋಡುವ ಪರೀಕ್ಷೆಯಲ್ಲೇ, ಮಾಡಬಹುದಲ್ವಾ? ಗ್ಯಾಡ್-65 ಮತ್ತು ಐಎ-2ಕ್ಕೆ ಒಳ್ಳೆಯ ಇಲೈಸಾಗಳು ಬಂದವು. ಕೈ ಕೊಟ್ಟಿದ್ದು ಇನ್ಸುಲಿನ್. ಅದು 51 ಅಮಿನೋ ಆಮ್ಲಗಳ ಪುಟ್ಟ ಪ್ರೋಟೀನ್. ಪ್ಲಾಸ್ಟಿಕ್ ತಟ್ಟೆಗೆ ಅದನ್ನು ಅಂಟಿಸಿದರೆ ಆಂಟಿಬಾಡಿ ಹಿಡಿಯಬೇಕಾದ ಭಾಗವೇ ಅಡಿಗೆ ಬಿದ್ದು ಮುಚ್ಚಿಹೋಗಬಹುದು. ಉಳಿದ ಕೆಲವು ಅಣುಗಳಿಗೆ ಆಂಟಿಬಾಡಿ ಅಂಟಿದರೂ ಬರುವ ಸಿಗ್ನಲ್ ಎಷ್ಟು ಸಣ್ಣದೆಂದರೆ ತಟ್ಟೆಯ ಹಿನ್ನೆಲೆಯಲ್ಲಿ ಕಳೆದೇ ಹೋಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬಂಗಾರದ ಚಿಪ್ ಹಿಡಿದುಕೊಂಡು ಬಂದದ್ದು ಇಲ್ಲಿಗೆ.

ಲೋಹದ ಪಕ್ಕದಲ್ಲಿ ಬೆಳಕು ಹೆಚ್ಚುವುದು ಹೇಗೆ

ಆಂಟಿಬಾಡಿಗೆ ಹಚ್ಚಿದ ಬಣ್ಣದ ಸಣ್ಣ ಬೆಳಕನ್ನು ಲೋಹದಿಂದ ಹೆಚ್ಚಿಸುವ ಈ ವಿಚಾರ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ್ದಲ್ಲ. ಫ್ಲೋರೆಸೆಂಟ್ ಅಣುವನ್ನು (ಬೆಳಕು ಹೀರಿ ಮತ್ತೆ ಬೆಳಕು ಬಿಡುವ ಬಣ್ಣ) ಕನ್ನಡಿಯ ಹತ್ತಿರ ಇಟ್ಟರೆ ಅದು ಬೆಳಕು ಬಿಡುವ ವೇಗವೇ ಬದಲಾಗುತ್ತದೆ ಎಂದು ವಿಜ್ಞಾನಿ ಡ್ರೆಕ್ಸ್‌ಹೇಜ್ 1970ರ ಸುಮಾರಿಗೇ ತೋರಿಸಿದ್ದರು. ಅದನ್ನು ಜೀವವಿಜ್ಞಾನದ ಲ್ಯಾಬಿಗೆ ತಂದವರಲ್ಲಿ ಮುಂಚೂಣಿಯ ಹೆಸರು ಬಾಲ್ಟಿಮೋರ್‌ನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ಲಾಕೋವಿಚ್ ಅವರದು. 2000ದ ನಂತರ ಅವರು, ಕ್ರಿಸ್ ಗೆಡ್ಡಿಸ್ ಮತ್ತಿತರರು ಗಾಜಿನ ಮೇಲೆ ಬೆಳ್ಳಿಯ ನ್ಯಾನೋ ದ್ವೀಪಗಳನ್ನು ಬೆಳೆಸಿ ಪ್ರಯೋಗದ ಮೇಲೆ ಪ್ರಯೋಗ ಮಾಡಿದರು. ಸಿಲ್ವರ್ ನೈಟ್ರೇಟ್, ಅಮೋನಿಯಾ, ಗ್ಲೂಕೋಸ್. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಟೋಲೆನ್ಸ್ ಪರೀಕ್ಷೆ ಮಾಡಿ ಪ್ರನಾಳದ ಒಳಗೆ ಬೆಳ್ಳಿ ಕನ್ನಡಿ ಮೂಡಿಸಿದವರಿಗೆ ಈ ಪಟ್ಟಿ ಗುರುತು ಸಿಗಬೇಕು. ಹೆಚ್ಚೂಕಡಿಮೆ ಅದೇ ರಸಾಯನಶಾಸ್ತ್ರ, ಕನ್ನಡಿಯಾಗುವ ಮೊದಲೇ ನಿಲ್ಲಿಸುವುದು ಅಷ್ಟೇ.

ಒಳಗೆ ನಡೆಯುವುದು ಎರಡು ಕೆಲಸ. ಲೋಹದ ಕಣದೊಳಗಿನ ಎಲೆಕ್ಟ್ರಾನ್‌ಗಳು ಬೀಳುವ ಬೆಳಕಿಗೆ ಸರಿಯಾಗಿ ಒಟ್ಟಿಗೇ ಓಲಾಡುತ್ತವೆ, ಇದಕ್ಕೆ ಪ್ಲಾಸ್ಮಾನ್ ಅನ್ನುತ್ತಾರೆ. ಆಗ ಕಣದ ಅಂಚಿನಲ್ಲಿ, ಎರಡು ದ್ವೀಪಗಳ ನಡುವಿನ ಸಂದಿನಲ್ಲಿ, ಬೆಳಕಿನ ಕ್ಷೇತ್ರ ತುಂಬಾ ಬಲವಾಗುತ್ತದೆ. ಅಲ್ಲಿರುವ ಬಣ್ಣದ ಅಣುವಿಗೆ ಅದೇ ಲೇಸರ್‌ನಿಂದ ಜಾಸ್ತಿ ಬೆಳಕು ಸಿಕ್ಕಂತೆ. ಇದು ಒಳಬರುವ ಕಡೆಯ ಲಾಭ. ಎರಡನೆಯದು ಹೊರಹೋಗುವ ಕಡೆಯದು. ಚೈತನ್ಯ ತುಂಬಿಕೊಂಡ ಅಣು ಸಾಮಾನ್ಯವಾಗಿ ಒಂದಷ್ಟನ್ನು ಬೆಳಕಾಗಿ ಬಿಡುತ್ತದೆ, ಉಳಿದದ್ದನ್ನು ಸುಮ್ನೆ ಬಿಸಿಯಾಗಿ ಕಳೆದುಕೊಳ್ಳುತ್ತದೆ. ಲೋಹ ಪಕ್ಕದಲ್ಲಿದ್ದರೆ ಬೆಳಕಾಗಿ ಬಿಡುವ ದಾರಿ ವೇಗವಾಗುತ್ತದೆ, ಬಿಸಿಗೆ ಹೋಗುವ ಪಾಲು ಇಳಿಯುತ್ತದೆ. ಇನ್ನೂ ಒಂದು ಉಪಕಾರ ಇದೆ. ಅಣು ಬೇಗ ಬೇಗ ಕೆಳಗಿಳಿದು ಬರುವುದರಿಂದ, ಸುಟ್ಟು ಬಣ್ಣ ಕಳೆದುಕೊಳ್ಳಲು ಅದಕ್ಕೆ ಸಿಗುವ ಸಮಯವೂ ಕಡಿಮೆ.

ಇಲ್ಲೊಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಹೀರಿಕೊಂಡ 100 ಫೋಟಾನ್‌ಗಳಲ್ಲಿ 90ನ್ನು ವಾಪಸ್ ಬಿಡುವ ಒಳ್ಳೆಯ ಬಣ್ಣ ತಗೊಂಡರೆ ಹೊರಹೋಗುವ ಕಡೆ ಲೋಹ ಕೊಡಬಲ್ಲ ಲಾಭ ಬರೀ 10 ಫೋಟಾನ್. ನೂರರಲ್ಲಿ ಹತ್ತನ್ನು ಮಾತ್ರ ಬಿಡುವ ಸೋಮಾರಿ ಬಣ್ಣ ತಗೊಂಡರೆ ಹತ್ತು ಪಟ್ಟು ಏರಲು ಜಾಗ ಇದೆ, ಒಳಬರುವ ಕಡೆಯಿಂದ ಇನ್ನೊಂದು ಹತ್ತು ಪಟ್ಟು ಸಿಕ್ಕರೆ ಒಟ್ಟು ನೂರು. ಅಂದರೆ ನೂರು ಪಟ್ಟು ಹೆಚ್ಚಳ ಅಂತ ಎಲ್ಲಾದರೂ ಓದಿದಾಗ, ಶುರುವಿನ ಬಣ್ಣ ಎಷ್ಟು ಮಂಕಾಗಿತ್ತು ಅನ್ನುವುದನ್ನೂ ಕೇಳಬೇಕು. ಮಂಕು ಬಣ್ಣವನ್ನು ಆರಿಸುವುದರಲ್ಲಿ ಮೋಸವೇನೂ ಇಲ್ಲ, ಈ ಪ್ರಕರಣದಲ್ಲಿ ಅದಕ್ಕೆ ಬೇರೆಯೇ ಒಳ್ಳೆಯ ಕಾರಣ ಇತ್ತು. ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ದೂರದ ವಿಚಾರ. ಬಣ್ಣದ ಅಣು ಲೋಹಕ್ಕೆ ತಾಗಿಕೊಂಡೇ ಇದ್ದರೆ, ಅಂದಾಜು 5 ನ್ಯಾನೋಮೀಟರ್‌ಗಿಂತ ಹತ್ತಿರ ಇದ್ದರೆ, ಲೋಹ ಅದರ ಚೈತನ್ಯವನ್ನು ನುಂಗಿಬಿಡುತ್ತದೆ. ಬೆಳಕು ಹೆಚ್ಚುವುದು ಹಾಗಿರಲಿ, ಇದ್ದದ್ದೂ ಆರುತ್ತದೆ. ಹಲವು ಹತ್ತು ನ್ಯಾನೋಮೀಟರ್ ದೂರ ಹೋದರೆ ಲೋಹದ ಪ್ರಭಾವವೇ ಮುಟ್ಟುವುದಿಲ್ಲ. ನಡುವೆ ಒಂದು ಕಿರಿದಾದ ಪಟ್ಟಿ, ಅಲ್ಲಿ ಮಾತ್ರ ಲಾಭ. ಎಷ್ಟೋ ಜನ ಈ ದೂರ ಕಾಯಲು ಸಿಲಿಕಾ ಪದರ ಹಾಕುತ್ತಾರೆ, ಪಾಲಿಮರ್ ಹಾಕುತ್ತಾರೆ, ಡಿಎನ್‌ಎ ಎಳೆ ಕಟ್ಟುತ್ತಾರೆ. ಪ್ರೋಟೀನ್ ಪರೀಕ್ಷೆಯಲ್ಲಿ ಈ ತಲೆನೋವು ತಾನಾಗಿಯೇ ಅರ್ಧ ಕಳೆಯುತ್ತದೆ. ಒಂದು ಆಂಟಿಬಾಡಿಯ ಉದ್ದವೇ 10ರಿಂದ 15 ನ್ಯಾನೋಮೀಟರ್. ಬಂಗಾರದ ಮೇಲೆ ಇನ್ಸುಲಿನ್, ಅದರ ಮೇಲೆ ರೋಗಿಯ ಆಂಟಿಬಾಡಿ, ಅದರ ಮೇಲೆ ಬಣ್ಣ ಹಚ್ಚಿದ ಎರಡನೇ ಆಂಟಿಬಾಡಿ ಅಂತ ಪೇರಿಸಿದರೆ ಬಣ್ಣ ಬಹುಪಾಲು ಆ ಪಟ್ಟಿಯೊಳಗೇ ಬಂದು ಕೂರುತ್ತದೆ. ಯಾರೂ ಯೋಜನೆ ಹಾಕದೆ ಸಿಕ್ಕ ಅದೃಷ್ಟ ಇದು. ಈ ಇಡೀ ವಿಧಾನದಲ್ಲಿ ನನಗೆ ಅತಿ ಇಷ್ಟವಾದ ಭಾಗವೂ ಇದೇ.

ಬೆಳ್ಳಿ ಬಿಟ್ಟು ಬಂಗಾರ ಯಾಕೆ

ಕಣ್ಣಿಗೆ ಕಾಣುವ ಬೆಳಕಿನಲ್ಲಿ ಬೆಳ್ಳಿ ಬಂಗಾರಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಉಪ್ಪಿನ ದ್ರಾವಣದಲ್ಲಿ, ಗಾಳಿಯಲ್ಲಿ ಅದು ಬೇಗ ಕೆಡುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ಕಳಿಸುವ ಸರಕಿಗೆ ಇದು ಆಗದು. ಬಂಗಾರ ಕೆಡುವುದಿಲ್ಲ, ಆದರೆ ನೀಲಿ ಹಸಿರು ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ (ಬಂಗಾರ ಹಳದಿಯಾಗಿ ಕಾಣುವುದೇ ಅದರಿಂದ). ಕೆಂಪು ದಾಟಿ ಅತಿಗೆಂಪಿನ ಅಂಚಿಗೆ ಹೋದರೆ ಆ ನಷ್ಟ ತಗ್ಗುತ್ತದೆ. 800 ನ್ಯಾನೋಮೀಟರ್ ಸುತ್ತಮುತ್ತ ಗಾಜು, ರಕ್ತ, ಪ್ರೋಟೀನ್‌ಗಳು ತಾವಾಗಿಯೇ ಮಿನುಗುವುದೂ ತೀರಾ ಕಡಿಮೆ. ಆ ಜಾಗದಲ್ಲಿ ಸಿಗುವ ಬಣ್ಣಗಳು ಮಾತ್ರ ಮಂಕು. ಆ ಕೊರತೆ ಬಂಗಾರಕ್ಕೆ ಸರಿಯಾದ ಕೆಲಸ! ಹೀಗೆ ಮೂರೂ ಕಡೆಯಿಂದ ಲೆಕ್ಕ ಹೊಂದಿತು.

ಸ್ಟ್ಯಾನ್‌ಫರ್ಡ್‌ನ ರಸಾಯನಶಾಸ್ತ್ರಜ್ಞ ಹೊಂಗ್‌ಜೀ ಡಾಯ್ ಅವರ ಗುಂಪು ಇದನ್ನು 2011ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಪ್ರಕಟಿಸಿತು. ತಯಾರಿಗೆ ದುಬಾರಿ ಕ್ಲೀನ್‌ರೂಮ್ ಬೇಕಿಲ್ಲ, ಬೀಕರಿನ ಕೆಲಸ. ಬಂಗಾರದ ಲವಣದ ದ್ರಾವಣದಲ್ಲಿ ಗಾಜನ್ನು ಮುಳುಗಿಸಿ ಅಮೋನಿಯಾ ಹಾಕಿದರೆ ಗಾಜಿನ ಮೇಲೆ ಬೀಜಗಳು ಕೂರುತ್ತವೆ. ಸೋಡಿಯಂ ಬೋರೋಹೈಡ್ರೈಡ್‌ನಿಂದ ಅವನ್ನು ಲೋಹವಾಗಿಸಿ, ಮತ್ತೆ ಬಂಗಾರದ ಲವಣ ಮತ್ತು ಹೈಡ್ರಾಕ್ಸಿಲಮಿನ್ ಕೊಟ್ಟರೆ ಬೀಜಗಳು ದ್ವೀಪಗಳಾಗಿ ಬೆಳೆಯುತ್ತವೆ. ಪೂರ್ತಿ ಹಾಳೆಯಾಗಬಾರದು, ದ್ವೀಪಗಳ ನಡುವೆ ಸಂದು ಉಳಿಯಬೇಕು. ಹೀಗೆ ಬೆಳೆಸಿದ ಗಾಜಿನ ಮೇಲೆ ಅತಿಗೆಂಪು ಅಂಚಿನ ಬಣ್ಣ 100 ಪಟ್ಟಿನವರೆಗೆ ಹೆಚ್ಚು ಹೊಳೆಯಿತು. ಅಳೆಯಬಹುದಾದ ಪ್ರಮಾಣದ ವ್ಯಾಪ್ತಿ ಸಾವಿರ ಪಟ್ಟು ಕೆಳಕ್ಕೆ ಇಳಿದು ಫೆಮ್ಟೋಮೋಲಾರ್ ಮಟ್ಟ ಮುಟ್ಟಿತು. ಗಡ್ಡೆ ಬೆಳೆಸಿದ ಇಲಿಗಳ ರಕ್ತದಲ್ಲಿ ಸಿಇಎ ಅನ್ನುವ ಕ್ಯಾನ್ಸರ್ ಗುರುತನ್ನು ಬೇಗನೆ ಹಿಡಿದು ತೋರಿಸಿದರು.

ಒಂದು ಫೆಮ್ಟೋಮೋಲಾರ್ ಅಂದರೆ ಲೀಟರಿಗೆ ಸುಮಾರು 60 ಕೋಟಿ ಅಣು. ದೊಡ್ಡ ಸಂಖ್ಯೆ ಅನ್ನಿಸುತ್ತದೆ. 2 ಮೈಕ್ರೋಲೀಟರ್ ಹನಿಗೆ ಇಳಿಸಿ, 1200 ಅಣು ಅಷ್ಟೇ.

ಮಕ್ಕಳ ರಕ್ತದ ಮೇಲೆ

ಅದೇ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಹಾರ್ಮೋನ್ ತಜ್ಞರಾಗಿದ್ದ ಬ್ರಯಾನ್ ಫೆಲ್ಡ್‌ಮನ್ ಟೈಪ್ 1 ಯಾವುದು, ಟೈಪ್ 2 ಯಾವುದು ಅಂತ ಹೇಳಲಾಗದ ತಾಪತ್ರಯವನ್ನು ದಿನವೂ ನೋಡುತ್ತಿದ್ದವರು. ಎರಡೂ ಗುಂಪು ಸೇರಿ ಮಾಡಿದ ಕೆಲಸ 2014ರ ಜುಲೈಯಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಬಂತು.

ಪರೀಕ್ಷೆ ಸರಳ. ಬಂಗಾರದ ಗಾಜಿನ ಮೇಲೆ ಇನ್ಸುಲಿನ್, ಗ್ಯಾಡ್-65, ಐಎ-2 ಚುಕ್ಕೆಗಳನ್ನು ಯಂತ್ರದಿಂದ ಮುದ್ರಿಸುತ್ತಾರೆ. ರೋಗಿಯ ರಕ್ತ ಹಾಕುತ್ತಾರೆ, 2 ಮೈಕ್ರೋಲೀಟರ್ ಸಾಕು, ಬೆರಳು ಚುಚ್ಚಿದರೆ ಬರುವುದಕ್ಕಿಂತ ಕಡಿಮೆ. ಆಂಟಿಬಾಡಿ ಇದ್ದರೆ ತನ್ನ ತನ್ನ ಚುಕ್ಕೆಗೆ ಅಂಟಿಕೊಳ್ಳುತ್ತದೆ. ತೊಳೆದು, ಮನುಷ್ಯರ ಆಂಟಿಬಾಡಿಯನ್ನು ಹಿಡಿಯುವ ಇನ್ನೊಂದು ಆಂಟಿಬಾಡಿಗೆ ಬಣ್ಣ ಹಚ್ಚಿ ಹಾಕುತ್ತಾರೆ. ಮತ್ತೆ ತೊಳೆದು ಸ್ಕ್ಯಾನರಿನಲ್ಲಿ ಇಡುತ್ತಾರೆ. ಯಾವ ಚುಕ್ಕೆ ಹೊಳೆಯಿತೋ ಆ ಆಂಟಿಬಾಡಿ ಇದೆ ಅಂತ. ವಿಕಿರಣ ಇಲ್ಲ. ಒಂದು ಚಿಪ್‌ಗೆ ಸುಮಾರು 20 ಡಾಲರ್ ಬೀಳುತ್ತದೆ, ಒಂದರಲ್ಲಿ 15ಕ್ಕೂ ಹೆಚ್ಚು ಪರೀಕ್ಷೆ ಮಾಡಬಹುದು ಅಂತ ವಿಶ್ವವಿದ್ಯಾಲಯ ಆಗ ಹೇಳಿತ್ತು. ಸ್ಕ್ಯಾನರಿನ ಬೆಲೆ ಈ ಲೆಕ್ಕದಲ್ಲಿ ಇರುವುದಿಲ್ಲ, ಅದನ್ನು ಓದುವವರೇ ನೆನಪಿಟ್ಟುಕೊಳ್ಳಬೇಕು.

ಫಲಿತಾಂಶ: ಸೆನ್ಸಿಟಿವಿಟಿ 100 ಪ್ರತಿಶತ, ಸ್ಪೆಸಿಫಿಸಿಟಿ 85 ಪ್ರತಿಶತ. ಟೈಪ್ 1 ಇದ್ದವರನ್ನೆಲ್ಲ ಹಿಡಿಯಿತು, ಇಲ್ಲದವರಲ್ಲಿ ನೂರಕ್ಕೆ ಹದಿನೈದು ಮಂದಿಯನ್ನು ತಪ್ಪಾಗಿ ಇದೆ ಅಂದಿತು.

ಪತ್ರಿಕೆಗಳು ನೂರಕ್ಕೆ ನೂರು ಅನ್ನುವುದನ್ನು ಎತ್ತಿ ಹಿಡಿಯುತ್ತವೆ. ನಾನು ನೋಡುವುದು ಆ 85ನ್ನು.

ಬೆಳಕು ನೂರು ಪಟ್ಟು ಹೆಚ್ಚಿದ ಮೇಲೂ ಆ ಹದಿನೈದು ತಪ್ಪು ಎಲ್ಲಿಂದ ಬರಬಹುದು? ಬಂಗಾರ ಯಾವುದನ್ನು ಹೆಚ್ಚಿಸುತ್ತದೆ, ಯಾವುದನ್ನು ಬಿಡುತ್ತದೆ ಅನ್ನುವುದು ಇಲ್ಲಿ ಮುಖ್ಯ. ಗಾಜಿನ ಸ್ವಂತ ಮಿನುಗು, ಸ್ಕ್ಯಾನರಿನ ಎಲೆಕ್ಟ್ರಾನಿಕ್ ಗದ್ದಲ, ದ್ರಾವಣದಲ್ಲಿ ದೂರ ತೇಲುತ್ತಿರುವ ಬಣ್ಣ, ಇವು ಬಂಗಾರದ ಪಟ್ಟಿಯೊಳಗೆ ಬರುವುದಿಲ್ಲ, ಹಾಗಾಗಿ ಹೆಚ್ಚುವುದಿಲ್ಲ. ಇವುಗಳ ಎದುರು ನೂರು ಪಟ್ಟು ಅಂದರೆ ನಿಜವಾದ ಗೆಲುವು. ಆದರೆ ಇನ್ನೊಂದು ಬಗೆಯ ಕಸ ಇದೆ. ರೋಗಿಯ ರಕ್ತದಲ್ಲಿನ ಯಾವುದೋ ಸಂಬಂಧವಿಲ್ಲದ ಆಂಟಿಬಾಡಿ ಸುಮ್ನೆ ಜಿಡ್ಡಿನ ಹಾಗೆ ಚುಕ್ಕೆಗೆ ಮೆತ್ತಿಕೊಂಡರೆ, ಅದರ ಮೇಲೂ ಬಣ್ಣದ ಆಂಟಿಬಾಡಿ ಕೂರುತ್ತದೆ, ಅದೂ ಬಂಗಾರದಿಂದ ಅದೇ ಅಂತರದಲ್ಲಿ. ಅದೂ ನೂರು ಪಟ್ಟೇ ಹೊಳೆಯುತ್ತದೆ. ಆರ್ಕೆಸ್ಟ್ರಾದಲ್ಲಿ ಮೈಕಿನ ವಾಲ್ಯೂಮ್ ಏರಿಸಿದರೆ ಹಾಡುಗಾರನ ದನಿಯೂ ಏರುತ್ತದೆ, ಅವನ ಕೆಮ್ಮೂ ಏರುತ್ತದೆ. ಕೆಮ್ಮು ನಿಲ್ಲಿಸುವ ಕೆಲಸ ಮೇಲ್ಮೈ ಲೇಪನದ್ದು, ಖಾಲಿ ಜಾಗ ಮುಚ್ಚುವ ಬ್ಲಾಕಿಂಗ್ ಪ್ರೋಟೀನಿನದ್ದು, ತೊಳೆಯುವ ದ್ರಾವಣದ್ದು. ಬಂಗಾರದ್ದಲ್ಲ.

ಹಾಗಾಗಿ ಇಂಥ ಯಾವ ಕೆಲಸ ಓದಿದರೂ ಹೊಳಪು ಎಷ್ಟು ಪಟ್ಟು ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಕಾಯಿಲೆ ಇಲ್ಲದವರ ರಕ್ತ ಅದೇ ಬಂಗಾರದ ಮೇಲೆ ಎಷ್ಟು ಹೊಳೆಯಿತು ಅನ್ನುವುದನ್ನು. ಅದೇ ಪರೀಕ್ಷೆಯನ್ನು ಬರೀ ಗಾಜಿನ ಮೇಲೂ ಮಾಡಿ, ಕಾಯಿಲೆ ಇರುವವರ ಮತ್ತು ಇಲ್ಲದವರ ನಡುವಿನ ಅಂತರ ಎರಡರಲ್ಲೂ ಎಷ್ಟು ಅಂತ ಪಕ್ಕಪಕ್ಕ ಇಟ್ಟಿದ್ದರೆ ಆ ಲೇಖಕರ ಮೇಲೆ ನನಗೆ ಗೌರವ. ಬರೀ ಬಣ್ಣದ ಹನಿ ಸುರಿದು ಹೊಳಪು ಅಳೆದಿದ್ದರೆ ಅದು ಭೌತಶಾಸ್ತ್ರದ ಫಲಿತಾಂಶ, ಕಾಯಿಲೆಯ ಪರೀಕ್ಷೆ ಅಲ್ಲ.

ಸ್ಟ್ಯಾನ್‌ಫರ್ಡ್ ಚಿಪ್ ಮಟ್ಟಿಗೆ ಆ 85 ಎಷ್ಟು ಕೆಟ್ಟದ್ದು ಅನ್ನುವುದು ಎಲ್ಲಿ ಬಳಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಆಗಲೇ ಸಕ್ಕರೆ ಏರಿಸಿಕೊಂಡು ಬಂದ 100 ಮಕ್ಕಳು, ಅವರಲ್ಲಿ 75 ಟೈಪ್ 1, 25 ಟೈಪ್ 2 ಅಂತಿಟ್ಟುಕೊಳ್ಳಿ. 75ನ್ನೂ ಹಿಡಿಯುತ್ತದೆ, 25ರಲ್ಲಿ ನಾಲ್ವರನ್ನು ತಪ್ಪಾಗಿ ಸೇರಿಸುತ್ತದೆ. 79ರಲ್ಲಿ 75 ಸರಿ. ತುರ್ತಿನಲ್ಲಿ ಇದು ತುಂಬಾ ಒಳ್ಳೆಯ ಪರೀಕ್ಷೆ, ಯಾಕೆಂದರೆ ಇಲ್ಲಿ ತಪ್ಪಿಹೋಗಬಾರದವರು ಟೈಪ್ 1ರವರು. ಅದೇ ಚಿಪ್ಪನ್ನು ಆರೋಗ್ಯವಂತ ಮಕ್ಕಳ ಶಾಲೆಗೆ ತಗೊಂಡು ಹೋದರೆ ಕಥೆ ತಿರುಗುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಫ್ರೀಡಾ ಅನ್ನುವ ಯೋಜನೆ 2015ರಿಂದ ಪುಟ್ಟ ಮಕ್ಕಳನ್ನು ಪರೀಕ್ಷಿಸುತ್ತಾ ಬಂದಿದೆ. 90,000ಕ್ಕೂ ಹೆಚ್ಚು ಮಕ್ಕಳಲ್ಲಿ ಲಕ್ಷಣ ಕಾಣುವ ಮೊದಲಿನ ಟೈಪ್ 1 ಸಿಕ್ಕಿದ್ದು 0.31 ಪ್ರತಿಶತ. ಅಂದರೆ ಸಾವಿರಕ್ಕೆ ಮೂರು. 85ರ ಪರೀಕ್ಷೆ ಆ ಸಾವಿರದಲ್ಲಿ ಮೂವರನ್ನು ಹುಡುಕಲು ಹೋಗಿ ಸುಮಾರು 150 ಮನೆಗಳಲ್ಲಿ ನಿದ್ದೆ ಕೆಡಿಸುತ್ತದೆ. ಒಂದೇ ಆಂಟಿಬಾಡಿ ಸಾಲದು, ಎರಡಾದರೂ ಇರಬೇಕು ಅನ್ನುವ ನಿಯಮ ಹಾಕಿ, ಎರಡನೇ ಹನಿ ತೆಗೆದು ಖಚಿತ ಮಾಡಿಕೊಂಡರೆ ತಪ್ಪು ಬಹಳ ಇಳಿಯುತ್ತದೆ. ಸ್ಕ್ರೀನಿಂಗ್ ಮಾಡುವವರು ಮಾಡುವುದೂ ಹಾಗೆಯೇ.

ಆ 100ನ್ನೂ ಹಾಗೇ ನಂಬುವ ಹಾಗಿಲ್ಲ. ಅದು ಮೊದಲ ಹಂತದ ಸಣ್ಣ ಗುಂಪು. ಉದಾಹರಣೆಗೆ, 20 ಜನರಲ್ಲಿ 20ನ್ನೂ ಸರಿಯಾಗಿ ಹಿಡಿದ ಪರೀಕ್ಷೆಯ ನಿಜವಾದ ಸಾಮರ್ಥ್ಯ 86 ಪ್ರತಿಶತ ಇರಲೂಬಹುದು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಹಾಗಂತ ಕೆಲಸ ಸಣ್ಣದಲ್ಲ. ಗಟ್ಟಿ ಮೇಲ್ಮೈ ಮೇಲೆ ಇನ್ಸುಲಿನ್ ಆಟೋಆಂಟಿಬಾಡಿ ಹಿಡಿಯುವುದು ಆಗದ ಮಾತು ಅಂತ ಹಲವರು ಕೈಚೆಲ್ಲಿದ್ದರು, ಇವರು ಒಂದು ಹನಿ ರಕ್ತದಲ್ಲಿ ಬೇರೆ ಆಂಟಿಬಾಡಿಗಳ ಜೊತೆಗೇ ಹಿಡಿದು ತೋರಿಸಿದರು.

ಆಮೇಲೆ ಏನಾಯಿತು

ಇದೇ ಬಂಗಾರದ ಮೇಲ್ಮೈ ಆಮೇಲೆ ಬೇರೆ ಕಾಯಿಲೆಗಳ ಕಡೆ ಹೋಯಿತು. 2017ರಲ್ಲಿ ಝೀಕಾ ಆಂಟಿಬಾಡಿ, 2020ರಲ್ಲಿ ಕೋವಿಡ್ ಆಂಟಿಬಾಡಿ, ಅದೂ ಜೊಲ್ಲಿನಲ್ಲೂ. ಈ ಎರಡರಲ್ಲೂ ಆಂಟಿಬಾಡಿ ಇದೆಯೋ ಇಲ್ಲವೋ ಅನ್ನುವುದರ ಜೊತೆಗೆ ಎಷ್ಟು ಗಟ್ಟಿಯಾಗಿ ಅಂಟಿದೆ ಅನ್ನುವುದನ್ನೂ ಅಳೆದರು. ಸೋಂಕು ಹೊಸದಾದರೆ ಆಂಟಿಬಾಡಿಯ ಹಿಡಿತ ಸಡಿಲ, ದಿನ ಕಳೆದ ಹಾಗೆ ಬಿಗಿ. ಯೂರಿಯಾದಂಥ ರಾಸಾಯನಿಕದಲ್ಲಿ ತೊಳೆದರೆ ಸಡಿಲವಾದದ್ದು ಬಿಟ್ಟುಹೋಗುತ್ತದೆ. ತೊಳೆದ ಮೇಲೆ ಉಳಿಯುವ ಚೂರುಪಾರನ್ನು ನಂಬಿಕೆಯಿಂದ ಅಳೆಯಲು ಬೆಳಕು ಜಾಸ್ತಿ ಇರಲೇಬೇಕು. ಬಂಗಾರಕ್ಕೆ ಅತಿ ಒಪ್ಪುವ ಕೆಲಸ ಇದು ಅಂತ ನನ್ನ ಅಭಿಪ್ರಾಯ.

ಟೈಪ್ 1ರ ಸ್ಕ್ರೀನಿಂಗ್‌ನಲ್ಲಿ ಬಂಗಾರವಿಲ್ಲದ ವಿಧಾನಗಳೂ ಸುಮ್ಮನೆ ಕೂತಿರಲಿಲ್ಲ. ಕೊಲರಾಡೋದವರು ವಿದ್ಯುತ್ ಕೊಟ್ಟು ಬೆಳಕು ಬರಿಸುವ ಎಲೆಕ್ಟ್ರೋಕೆಮಿಲ್ಯುಮಿನಿಸೆನ್ಸ್ ವಿಧಾನ ಬೆಳೆಸಿದರು, ಬವೇರಿಯಾದವರು ಮೂರು ಆಂಟಿಬಾಡಿಗಳನ್ನು ಒಟ್ಟಿಗೆ ನೋಡುವ ಇಲೈಸಾದಿಂದಲೇ ಬೆರಳ ತುದಿಯ ರಕ್ತದಲ್ಲಿ ಶುರು ಮಾಡಿದರು. ಬೇಗ ಕಂಡುಹಿಡಿದು ಏನು ಪ್ರಯೋಜನ ಅನ್ನುವ ಪ್ರಶ್ನೆಗೂ 2022ರ ನವೆಂಬರಿನಲ್ಲಿ ಒಂದು ಉತ್ತರ ಸಿಕ್ಕಿತು. ಟೆಪ್ಲಿಝುಮಾಬ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಬಂತು. ಎರಡು ಅಥವಾ ಹೆಚ್ಚು ಆಟೋಆಂಟಿಬಾಡಿ ಇದ್ದು, ಸಕ್ಕರೆ ಸ್ವಲ್ಪ ಏರುಪೇರಾಗಿರುವ, 8 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಆಗ ಆ ಒಪ್ಪಿಗೆ ಸಿಕ್ಕಿತ್ತು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದು ಸುಮಾರು ಎರಡು ವರ್ಷ ಮುಂದೆ ಹೋಗಿತ್ತು.

ಲ್ಯಾಬಿನಲ್ಲಿ ಎಷ್ಟೇ ಒಳ್ಳೆಯ ಚಿಪ್ ಇದ್ದರೂ ಒಂದು ತೊಡಕು ಆಸ್ಪತ್ರೆಯ ವಾರ್ಡಿನಲ್ಲೇ ಉಳಿಯುತ್ತದೆ. ಇನ್ಸುಲಿನ್ ಚುಚ್ಚಲು ಶುರು ಮಾಡಿದ ಒಂದೆರಡು ವಾರಗಳಲ್ಲಿ, ಚುಚ್ಚಿದ ಇನ್ಸುಲಿನ್ ಮೇಲೇ ಆಂಟಿಬಾಡಿ ಹುಟ್ಟಬಹುದು, ಯಾಲೊ ಮತ್ತು ಬರ್ಸನ್ ಕಂಡದ್ದು ಅದನ್ನೇ. ಆಮೇಲೆ ಇನ್ಸುಲಿನ್ ಚುಕ್ಕೆ ಹೊಳೆದರೆ ಅದು ಕಾಯಿಲೆಯದೋ ಚಿಕಿತ್ಸೆಯದೋ ಹೇಳಲು ಬರುವುದಿಲ್ಲ. ಪರೀಕ್ಷೆಗೋಸ್ಕರ ಮಗುವಿಗೆ ಇನ್ಸುಲಿನ್ ಕೊಡುವುದನ್ನು ತಡ ಮಾಡುವ ಹಾಗೂ ಇಲ್ಲ. ಹಾಗಾಗಿ ಬಂದ ದಿನವೇ, ಮೊದಲ ಸೂಜಿಗೂ ಮುಂಚೆ ತೆಗೆದ ರಕ್ತದಲ್ಲಿ ಒಂದು ಚೂರು ಸೀರಮ್ ಬೇರೆ ಮಾಡಿ ಫ್ರೀಜರಿನಲ್ಲಿ ಇಟ್ಟುಬಿಡಬೇಕು, ಪರೀಕ್ಷೆ ನಾಳೆ ಮಾಡಿದರೂ ಆಗುತ್ತದೆ.